ಅಮ್ಮನಿಗೆ ಇಲ್ಲದ ಕಾಯಿಲೆ ಮಗನಿಗೆ ಹೇಗೆ? ಸೋದರಮಾವನನ್ನು ನೋಡಿ

ನಮಸ್ಕಾರ. ನೋಡುಗರೊಬ್ಬರು ಕೇಳಿದ್ದರು: "ಅಮ್ಮನಿಗೆ ಇಲ್ಲದ ಕಾಯಿಲೆ ಅಮ್ಮನಿಂದಲೇ ಮಗನಿಗೆ ಬರುತ್ತಾ?" ಬರುತ್ತದೆ. ಹೇಗೆ ಅಂತ ತಿಳಿಯಲು ರಷ್ಯಾಕ್ಕೆ ಹೋಗೋಣ.

1904. ಚಕ್ರವರ್ತಿ ಎರಡನೇ ನಿಕೊಲಾಸ್‌ಗೆ ನಾಲ್ಕು ಹೆಣ್ಣುಮಕ್ಕಳ ನಂತರ ಗಂಡುಮಗು ಹುಟ್ಟಿತು. ಹೆಸರು ಅಲೆಕ್ಸಿ. ಕೆಲವೇ ವಾರಗಳಲ್ಲಿ ಹೊಕ್ಕುಳಿನಿಂದ ರಕ್ತ ಬರಲು ಶುರುವಾಯಿತು. ಬೇಗ ನಿಲ್ಲಲಿಲ್ಲ. ಅದು ಹಿಮೋಫಿಲಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ.

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ. ಹೆಣ್ಣಿನಲ್ಲಿ ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ಕೈಹಿಡಿಯುತ್ತದೆ. ಗಂಡಿಗೆ ಆ ಇನ್ನೊಂದು ಇಲ್ಲ. ಇಂಥ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಸಾಧ್ಯತೆ ಅರ್ಧಕ್ಕರ್ಧ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ.

[ತೆರೆಯ ಮೇಲೆ: ಚೌಕ ಗಂಡು, ವೃತ್ತ ಹೆಣ್ಣು. ಕಪ್ಪು ತುಂಬಿದ್ದರೆ ಕಾಯಿಲೆ. ನಡುವೆ ಚುಕ್ಕಿ ಇದ್ದರೆ ಜೀನ್ ಅಡಗಿದೆ.]

ಈಗ ಈ ಚಿತ್ರ ನೋಡಿ. ಅಲೆಕ್ಸಿಯ ಅಪ್ಪನ ಕಡೆ ಹುಡುಕಿದರೆ ಏನೂ ಸಿಗುವುದಿಲ್ಲ. ಅಮ್ಮ ಅಲೆಕ್ಸಾಂಡ್ರಾಳ ಅಣ್ಣ ಫ್ರೆಡ್ರಿಕ್ ಇದ್ದಾನಲ್ಲ, ಅಂದರೆ ಅಲೆಕ್ಸಿಯ ಸೋದರಮಾವ, 1873ರಲ್ಲಿ ಎರಡೂವರೆ ವರ್ಷಕ್ಕೇ ಕಿಟಕಿಯಿಂದ ಬಿದ್ದು, ರಕ್ತಸ್ರಾವವಾಗಿ ತೀರಿಕೊಂಡ. ಆ ಫ್ರೆಡ್ರಿಕ್‌ಗೆ ಸೋದರಮಾವ ಯಾರು? ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ಮಗ ಲಿಯೊಪೋಲ್ಡ್. ಅವನಿಗೂ ಹಿಮೋಫಿಲಿಯಾ. 1884ರಲ್ಲಿ ಜಾರಿ ಬಿದ್ದು ಸತ್ತಾಗ ವಯಸ್ಸು 30.

ಕಾಯಿಲೆ ಮಾವನಿಂದ ಅಳಿಯನಿಗೆ ದಾಟಿದ್ದಲ್ಲ. ಅಜ್ಜಿ ವಿಕ್ಟೋರಿಯಾಳಿಂದ ಮಗನಿಗೂ ಬಂತು, ಮಗಳಿಗೂ, ಅಂದರೆ ಫ್ರೆಡ್ರಿಕ್ ಮತ್ತು ಅಲೆಕ್ಸಾಂಡ್ರಾಳ ಅಮ್ಮನಿಗೂ, ಬಂತು. ಮಗನಲ್ಲಿ ಕಾಣಿಸಿತು, ಮಗಳಲ್ಲಿ ಅಡಗಿ ಕೂತಿತು. ಇಂಗ್ಲಿಷಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಅಂಕಲ್. ನಮ್ಮಲ್ಲಿ ಬೇರೆ ಬೇರೆ ಹೆಸರು, ಮತ್ತು ಈ ಕಾಯಿಲೆಯಲ್ಲಿ ಆ ವ್ಯತ್ಯಾಸವೇ ಮುಖ್ಯ! ಆದರೆ ನಮ್ಮ ಎಷ್ಟೋ ಮನೆಗಳ ವಂಶವೃಕ್ಷದಲ್ಲಿ ಬರೀ ಗಂಡಸರ ಹೆಸರು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೊಂಬೆ ಅಲ್ಲಿಗೇ ನಿಂತುಬಿಡುತ್ತದೆ. ಅಂಥ ಚಿತ್ರದಲ್ಲಿ ಅಲೆಕ್ಸಿಯ ಕಾಯಿಲೆಯ ದಾರಿ ಕಾಣುವುದೇ ಇಲ್ಲ. ನನಗೆ ಇದು ತುಂಬಾ ಬೇಸರ ತರುತ್ತದೆ.

1918ರ ಜುಲೈನಲ್ಲಿ ಆ ಕುಟುಂಬವನ್ನು ಗುಂಡಿಟ್ಟು ಕೊಂದರು. 2009ರಲ್ಲಿ ಅವರ ಮೂಳೆಗಳ ಡಿಎನ್ಎ ಓದಿದ ವಿಜ್ಞಾನಿಗಳಿಗೆ ಎಫ್9 ಎಂಬ, ರಕ್ತ ಹೆಪ್ಪುಗಟ್ಟಲು ಬೇಕಾದ ಜೀನಿನಲ್ಲಿ ಒಂದೇ ಒಂದು ಅಕ್ಷರದ ತಪ್ಪು ಸಿಕ್ಕಿತು. ಎ ಇರಬೇಕಾದಲ್ಲಿ ಜಿ. ಜೀವಕೋಶ ಬೇಡದ ತುಣುಕನ್ನು ಕತ್ತರಿಸುವಾಗ ಜಾಗ ತಪ್ಪಿ, ಎರಡು ಅಕ್ಷರ ಜಾಸ್ತಿ ಉಳಿದವು. ಓದುವುದು ಮೂರು ಮೂರು ಅಕ್ಷರವಾಗಿ. "ಮಗಳು ಮರದ ಕೆಳಗೆ ನಿಂತಳು" ಅಂದುಕೊಳ್ಳಿ. ನಡುವೆ ಸುಮ್ನೆ ಎರಡು "ರ" ತುರುಕಿ: "ಮಗಳು ರರಮ ರದಕೆ ಳಗೆನಿಂ ತಳು". ಮೊದಲ ಪದ ಸರಿ, ಆಮೇಲೆ ಎಲ್ಲಾ ಹಾಳು!

ಟೈಮ್ ಆಗುತ್ತಿದೆ, ಉಳಿದದ್ದು ಬೇಗ. ವಿಕ್ಟೋರಿಯಾಳ ಇನ್ನೊಬ್ಬ ಮಗಳು ಬಿಯಾಟ್ರಿಸ್ ಕಡೆಯಿಂದ ಇದು ಸ್ಪೇನಿನ ಅರಮನೆಗೂ ಹೋಯಿತು. ಹಿರಿಮಗ ಏಳನೇ ಎಡ್ವರ್ಡ್‌ಗೆ ಬರಲಿಲ್ಲ. ಕಾಯಿಲೆ ಇರುವ ಅಪ್ಪನಿಂದ ಗಂಡುಮಕ್ಕಳಿಗೆ ಬರುವುದಿಲ್ಲ, ಆದರೆ ಆ ಜೀನ್ ಹೆಣ್ಣುಮಕ್ಕಳಿಗೆಲ್ಲ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಗಾಯದ ರಕ್ತ ಬೇಗ ನಿಲ್ಲದ ಹುಡುಗರಿದ್ದರೆ ಡಾಕ್ಟರಿಗೆ ತೋರಿಸಿ. ಹೋಗುವಾಗ ಅಮ್ಮನ ಕಡೆಯ ಮೂರು ತಲೆಮಾರು ಬರೆದುಕೊಂಡು ಹೋಗಿ. ಸೋದರಮಾವ, ಅಮ್ಮನ ಸೋದರಮಾವ, ಚಿಕ್ಕಂದಿನಲ್ಲೇ ತೀರಿಹೋದ ಗಂಡುಮಕ್ಕಳು, ಎಲ್ಲರೂ ಅದರಲ್ಲಿರಲಿ. ಅಜ್ಜಿ ಇದ್ದರೆ ಮೊದಲು ಅವರನ್ನೇ ಕೇಳಿ.