ಮೇಲಿನ ಪಟ್ಟಿ ಎಲ್ಲಿ ಹೋಯಿತು?

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಕಂಪ್ಯೂಟರಿನ ಒಂದು ತೊಂದರೆಯ ಬಗ್ಗೆ ಮಾತಾಡುತ್ತೇನೆ. ತೊಂದರೆ ಸಣ್ಣದೇ. ಆದರೆ ಇದಕ್ಕಾಗಿ ಅರ್ಧ ದಿನ ಕಳೆದುಕೊಂಡವರನ್ನು, ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಂದವರನ್ನು ನಾನು ಬಹಳ ನೋಡಿದ್ದೇನೆ. ಬ್ರೌಸರ್ ತೆರೆದು ಪಹಣಿಯನ್ನೋ, ಮಗಳ ಪರೀಕ್ಷೆಯ ಫಲಿತಾಂಶವನ್ನೋ ನೋಡುತ್ತಿರುತ್ತೀರಿ. ಯಾವುದೋ ಕೀಗೆ ಬೆರಳು ತಗುಲುತ್ತದೆ. ತಲೆ ಎತ್ತಿ ನೋಡಿದರೆ ಮೇಲಿದ್ದ ಪಟ್ಟಿ ಮಾಯ! ವಿಳಾಸ ಬರೆಯುವ ಜಾಗ ಇಲ್ಲ, ಹಿಂದಕ್ಕೆ ಹೋಗುವ ಬಾಣ ಇಲ್ಲ, ಮುಚ್ಚಲು ಬಲಮೂಲೆಯ ಇಂಟು ಗುರುತೂ ಇಲ್ಲ. ಎದೆ ಧಸಕ್ಕೆನ್ನುತ್ತದೆ, ಅಲ್ವಾ?

ಗಾಬರಿ ಬೇಡ. ಆ ಪಟ್ಟಿ ಅಡಗಿದೆ, ಅಳಿಸಿಹೋಗಿಲ್ಲ. ಎಲ್ಲಿ ಅಡಗಿದೆ, ಹೇಗೆ ಕರೆಯಬೇಕು ಅನ್ನುವುದಷ್ಟೇ ಈಗ ಹೇಳುತ್ತೇನೆ. ಹತ್ತಿರ ಪೆನ್ನು, ಹಾಳೆ ಇದ್ದರೆ ಇಟ್ಟುಕೊಳ್ಳಿ. ಎರಡು ಮೂರು ಕೀಗಳ ಹೆಸರು ಬರೆದುಕೊಂಡರೆ ಸಾಕು.

ಮೊದಲಿಗೆ, ಯಾವ ಪಟ್ಟಿ ಹೋಗಿದೆ ಅಂತ ಗಮನಿಸಿ. ಬ್ರೌಸರಿನ ಮೇಲ್ಭಾಗದಲ್ಲಿ ಒಂದರ ಕೆಳಗೊಂದು ಪಟ್ಟಿಗಳಿರುತ್ತವೆ. ಟ್ಯಾಬ್‌ಗಳ ಸಾಲು ಒಂದು. ಅದರ ಕೆಳಗೆ ಬಾಣಗಳೂ ವಿಳಾಸದ ಜಾಗವೂ ಇರುವ ಸಾಲು. ಅದರ ಕೆಳಗೆ ನೀವು ಉಳಿಸಿಟ್ಟ ಜಾಲತಾಣಗಳ ಸಾಲು, ಅಂದರೆ ಬುಕ್‌ಮಾರ್ಕ್ಸ್ ಬಾರ್. ಹಳಬರಿಗೆ ಇನ್ನೊಂದು ಸಾಲೂ ನೆನಪಿರುತ್ತದೆ: ಫೈಲ್, ಎಡಿಟ್, ವ್ಯೂ ಅಂತ ಸಾಲಾಗಿ ಇರುತ್ತಿದ್ದ ಮೆನು ಬಾರ್. "ಟೂಲ್‌ಬಾರ್ ಹೋಯಿತು" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬೊಬ್ಬರದು ಒಂದೊಂದು ಸಾಲು ಹೋಗಿರುತ್ತದೆ, ಮದ್ದೂ ಬೇರೆ ಬೇರೆ.

ಎಲ್ಲಾ ಸಾಲೂ ಒಟ್ಟಿಗೆ ಹೋಗಿದ್ದರೆ ಅದು ಪೂರ್ಣ ಪರದೆ, ಫುಲ್ ಸ್ಕ್ರೀನ್. ಕೀಬೋರ್ಡಿನ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಎಫ್ 11 ಅನ್ನುವ ಕೀ ಇದೆ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೂರರಲ್ಲೂ ಒಮ್ಮೆ ಒತ್ತಿದರೆ ಪಟ್ಟಿಗಳು ಅಡಗುತ್ತವೆ, ಇನ್ನೊಮ್ಮೆ ಒತ್ತಿದರೆ ಬರುತ್ತವೆ. ಲ್ಯಾಪ್‌ಟಾಪಿನಲ್ಲಿ ಅದೇ ಕೀಗೆ ಬೆಳಕು ಹೆಚ್ಚಿಸುವುದೋ ಧ್ವನಿ ತಗ್ಗಿಸುವುದೋ ಬೇರೆ ಕೆಲಸ ಕೊಟ್ಟಿರುತ್ತಾರೆ. ಹಾಗಿದ್ದರೆ ಕೆಳಗೆ ಎಡಗಡೆ ಇರುವ ಎಫ್ ಎನ್ ಕೀ ಹಿಡಿದುಕೊಂಡು ಎಫ್ 11 ಒತ್ತಿ. ಮ್ಯಾಕ್ ಬಳಸುವವರು ಕಂಟ್ರೋಲ್, ಕಮಾಂಡ್, ಎಫ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಕೀ ಯಾವುದು ಅಂತ ಮರೆತರೆ ಮೌಸನ್ನು ಪರದೆಯ ಮೇಲಂಚಿಗೆ ತಾಗಿಸಿ ಒಂದು ಕ್ಷಣ ನಿಲ್ಲಿಸಿ. ಫೈರ್‌ಫಾಕ್ಸಿನಲ್ಲಿ ಪಟ್ಟಿಗಳು ಕೆಳಗಿಳಿದು ಬರುತ್ತವೆ. ನೋಡಿದಿರಾ, ಅಲ್ಲೇ ಇತ್ತು!

ನಮ್ಮವರಲ್ಲಿ ಎಫ್ 11ಕ್ಕೆ ಕೈ ಹೋಗುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದವರು ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಎಫ್ 11 ಒತ್ತುತ್ತಾರೆ. ಅದು ಬೆರಳಿಗೇ ಅಂಟಿದ ಅಭ್ಯಾಸ. ಬರಹ ಓಡುತ್ತಿಲ್ಲದ ಕಂಪ್ಯೂಟರಿನಲ್ಲಿ ಅದೇ ಬೆರಳು ಅದೇ ಕೀ ಒತ್ತಿದರೆ ಭಾಷೆ ಬದಲಾಗುವುದಿಲ್ಲ, ಬ್ರೌಸರ್ ಪರದೆಯ ತುಂಬ ಹರಡಿಕೊಳ್ಳುತ್ತದೆ. ಟೈಪಿಂಗ್ ಕೆಲಸ ಮಾಡುವವರು ಈ ತೊಂದರೆ ಹೇಳಿದರೆ ನಾನು ಮೊದಲು ಕೇಳುವ ಪ್ರಶ್ನೆಯೇ ಇದು: "ಕನ್ನಡಕ್ಕೆ ಹೋಗಲು ಯಾವ ಕೀ ಒತ್ತುತ್ತೀರಿ?"

ಇನ್ನು ಮೆನು ಬಾರ್. ಇದು ಅಕಸ್ಮಾತ್ ಹೋದದ್ದಲ್ಲ, ಬ್ರೌಸರ್ ಮಾಡುವವರೇ ಬೇಕೆಂದು ತೆಗೆದದ್ದು. 2006ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 7 ಮೆನು ಬಾರನ್ನು ಮುಚ್ಚಿಟ್ಟಿತು. 2008ರಲ್ಲಿ ಕ್ರೋಮ್ ಬಂದಾಗ ವಿಂಡೋಸಿನಲ್ಲಿ ಅದಕ್ಕೆ ಮೆನು ಬಾರೇ ಇರಲಿಲ್ಲ. 2011ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 4 ಕೂಡ ಅದೇ ದಾರಿ ಹಿಡಿಯಿತು. ಪುಟಕ್ಕೆ ಜಾಗ ಜಾಸ್ತಿ ಸಿಗಲಿ ಅನ್ನುವುದು ಅವರ ಉದ್ದೇಶ, ಅದು ತಪ್ಪಲ್ಲ. ಆದರೆ ಫೈಲ್, ಎಡಿಟ್, ವ್ಯೂ ಅಂತ ಬಾಯಿಪಾಠ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಂಪ್ಯೂಟರ್ ಕಲಿತ ಒಂದು ತಲೆಮಾರೇ ಇದೆ. ಒಂದು ಬೆಳಗ್ಗೆ ಅವರಿಗೆ ಒಂದು ಮಾತೂ ಹೇಳದೆ ಆ ಸಾಲನ್ನು ತೆಗೆದದ್ದು ಸರಿಯಲ್ಲ. ನನಗೆ ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಫೈರ್‌ಫಾಕ್ಸಿನಲ್ಲಿ ಆ ಸಾಲು ಈಗಲೂ ಇದೆ. ಸ್ಪೇಸ್ ಬಾರಿನ ಎಡಗಡೆ ಆಲ್ಟ್ ಅನ್ನುವ ಕೀ ಇದೆಯಲ್ಲ, ಅದನ್ನು ಒಮ್ಮೆ ಒತ್ತಿ ಬಿಡಿ. ಮೆನು ಬಾರ್ ಬರುತ್ತದೆ. ಆದರೆ ಬೇರೆ ಕಡೆ ಕ್ಲಿಕ್ ಮಾಡಿದ ಕೂಡಲೇ ಮತ್ತೆ ಹೋಗುತ್ತದೆ. ಖಾಯಂ ಇರಬೇಕಾದರೆ ಟ್ಯಾಬ್‌ಗಳ ಸಾಲಿನಲ್ಲಿ ಖಾಲಿ ಜಾಗ ನೋಡಿ ಮೌಸಿನ ಬಲಗುಂಡಿ ಒತ್ತಿ. ಒಂದು ಚಿಕ್ಕ ಪಟ್ಟಿ ತೆರೆಯುತ್ತದೆ. ಅದರಲ್ಲಿ ಮೆನು ಬಾರ್ ಅಂತ ಇರುತ್ತದೆ. ಅದಕ್ಕೆ ಟಿಕ್ ಹಾಕಿ, ಆಯಿತು.

ಬುಕ್‌ಮಾರ್ಕ್ಸ್ ಸಾಲು ಕಾಣದಿದ್ದರೆ ಕಂಟ್ರೋಲ್, ಶಿಫ್ಟ್, ಬಿ. ಬರೆದುಕೊಳ್ಳಿ: ಕಂಟ್ರೋಲ್, ಶಿಫ್ಟ್, ಬಿ. ಮೂರೂ ಬ್ರೌಸರುಗಳಲ್ಲಿ ಇದೇ ಕೀ. ಎಡ್ಜಿನಲ್ಲಿ ಅದಕ್ಕೆ ಫೇವರಿಟ್ಸ್ ಬಾರ್ ಅನ್ನುತ್ತಾರೆ, ವಸ್ತು ಒಂದೇ. ಈ ಸಾಲಿಗೆ ಒಂದು ವಿಚಿತ್ರ ವರ್ತನೆ ಇದೆ. ಹೊಸ ಟ್ಯಾಬ್ ತೆರೆದಾಗ ಕಾಣುತ್ತದೆ, ಯಾವುದಾದರೂ ಜಾಲತಾಣಕ್ಕೆ ಹೋದ ತಕ್ಷಣ ಮರೆಯಾಗುತ್ತದೆ. ಬ್ರೌಸರ್ ಕೆಟ್ಟಿದೆ ಅಂತ ಜನ ತಿಳಿಯುತ್ತಾರೆ. ಕೆಟ್ಟಿಲ್ಲ, ಹೊಸ ಟ್ಯಾಬಿನಲ್ಲಿ ಮಾತ್ರ ತೋರಿಸು ಅನ್ನುವ ಆಯ್ಕೆ ಅಲ್ಲಿ ಇದೆ. ಫೈರ್‌ಫಾಕ್ಸಿನಲ್ಲೂ ಎಡ್ಜಿನಲ್ಲೂ ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ಅದನ್ನು ಆಲ್ವೇಸ್ ಶೋ ಅನ್ನುವುದಕ್ಕೆ ಬದಲಿಸಿದರೆ ಸಾಲು ನಿಲ್ಲುತ್ತದೆ. ಸಾಲು ಇದೆ, ಆದರೆ ನಿಮ್ಮ ಬುಕ್‌ಮಾರ್ಕುಗಳು ಇಲ್ಲ ಅನ್ನುವುದಾದರೆ ಮನೆಯಲ್ಲಿ ಬೇರೆ ಯಾರದಾದರೂ ಪ್ರೊಫೈಲಿನಲ್ಲಿ ಬ್ರೌಸರ್ ತೆರೆದಿರಬಹುದು. ಕ್ರೋಮಿನಲ್ಲಿ ಮೇಲೆ ಬಲಗಡೆ ಇರುವ ಗುಂಡನೆಯ ಚಿತ್ರದ ಮೇಲೆ ಒತ್ತಿದರೆ ಯಾರ ಹೆಸರಿನಲ್ಲಿ ತೆರೆದಿದೆ ಅಂತ ಗೊತ್ತಾಗುತ್ತದೆ.

ಟ್ಯಾಬ್‌ಗಳು ಮೇಲಿನಿಂದ ಹೋಗಿ ಎಡಗಡೆ ಉದ್ದಕ್ಕೆ ನಿಂತಿದ್ದರೆ ಅದು ಹೊಸ ಸೌಲಭ್ಯ, ವರ್ಟಿಕಲ್ ಟ್ಯಾಬ್ಸ್. ಎಡ್ಜಿಗೆ 2021ರಲ್ಲಿ, ಫೈರ್‌ಫಾಕ್ಸಿಗೆ 2025ರಲ್ಲಿ ಬಂತು. ಟ್ಯಾಬ್‌ಗಳಿರುವ ಕಡೆ ಬಲಗುಂಡಿ ಒತ್ತಿದರೆ ಅದನ್ನು ತೆಗೆಯುವ ಆಯ್ಕೆ ಸಿಗುತ್ತದೆ.

ಪೂರ್ತಿ ಸಾಲು ಇದ್ದು ಒಂದೆರಡು ಗುಂಡಿ ಮಾತ್ರ ಕಾಣೆಯಾಗಿದ್ದರೆ ಫೈರ್‌ಫಾಕ್ಸಿನಲ್ಲಿ ಅದೇ ಬಲಗುಂಡಿಯ ಪಟ್ಟಿಯಲ್ಲಿ ಕಸ್ಟಮೈಸ್ ಟೂಲ್‌ಬಾರ್ ಆರಿಸಿ. ಗುಂಡಿಗಳೆಲ್ಲ ಪರದೆಯ ಮೇಲೆ ಹರಡಿಕೊಳ್ಳುತ್ತವೆ. ಬೇಕಾದ್ದನ್ನು ಎಳೆದು ಮೇಲಿಡಿ. ಎಳೆಯಲು ಕೈ ಬಾರದಿದ್ದರೆ ಕೆಳಗಡೆ ರಿಸ್ಟೋರ್ ಡಿಫಾಲ್ಟ್ಸ್ ಅಂತ ಇದೆ. ಅದನ್ನು ಒತ್ತಿದರೆ ಗುಂಡಿಗಳೆಲ್ಲ ಮೊದಲಿದ್ದ ಜಾಗಕ್ಕೆ ಬಂದು ಕೂರುತ್ತವೆ. ಬುಕ್‌ಮಾರ್ಕು, ಪಾಸ್‌ವರ್ಡು ಯಾವುದೂ ಹೋಗುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಫೈರ್‌ಫಾಕ್ಸಿನಲ್ಲಿ ಮೆನು ಬಾರ್ ನಿಲ್ಲುತ್ತಿರಲಿಲ್ಲ. ಟಿಕ್ ಹಾಕಿದರೆ ಬರುತ್ತಿತ್ತು, ಮುಚ್ಚಿ ತೆರೆದರೆ ಮತ್ತೆ ಇಲ್ಲ. ಅಂಗಡಿಯ ಹುಡುಗ ಫೈರ್‌ಫಾಕ್ಸ್ ತೆಗೆದು ಹೊಸದಾಗಿ ಹಾಕಿಕೊಟ್ಟ. ಮನೆಗೆ ತಂದು ತೆರೆದರೆ ಅದೇ ಕಥೆ. ಮತ್ತೆ ಹೋದರೆ, "ಸರ್, ವಿಂಡೋಸೇ ಫಾರ್ಮ್ಯಾಟ್ ಮಾಡಿಬಿಡೋಣ" ಅಂದ. ಮೇಷ್ಟ್ರು ನನ್ನನ್ನು ಕರೆದು, "ನೋಡಪ್ಪಾ, ಇದರಲ್ಲಿ ಮೊಮ್ಮಗಳ ಫೋಟೋ ಎಲ್ಲಾ ಇದೆ, ಫಾರ್ಮ್ಯಾಟ್ ಅಂದರೆ ಭಯ" ಅಂದರು. ನಾನು, "ಫಾರ್ಮ್ಯಾಟ್ ಏನೂ ಬೇಡ ಮೇಷ್ಟ್ರೇ, ಒಂದು ಫೈಲಿನ ಹೆಸರು ಬದಲಿಸಿದರೆ ಸಾಕು" ಅಂದೆ.

ಹೊಸದಾಗಿ ಹಾಕಿದರೂ ಯಾಕೆ ಸರಿಹೋಗಲಿಲ್ಲ? ಬ್ರೌಸರಿನಲ್ಲಿ ಎರಡು ಭಾಗ. ಒಂದು ತಂತ್ರಾಂಶ, ಎಲ್ಲರಿಗೂ ಒಂದೇ. ಇನ್ನೊಂದು ನಿಮ್ಮ ಪ್ರೊಫೈಲ್, ನಿಮ್ಮ ಹೆಸರಿನಲ್ಲಿ ಬೇರೆ ಕಡೆ ಇರುವ ಫೋಲ್ಡರ್. ಬುಕ್‌ಮಾರ್ಕು, ಪಾಸ್‌ವರ್ಡು, ಯಾವ ಪಟ್ಟಿ ಕಾಣಬೇಕು, ಯಾವ ಗುಂಡಿ ಎಲ್ಲಿರಬೇಕು ಎಲ್ಲವೂ ಅದರಲ್ಲಿ. ತಂತ್ರಾಂಶ ತೆಗೆದರೂ ಸಾಮಾನ್ಯವಾಗಿ ಪ್ರೊಫೈಲ್ ಹಾಗೇ ಉಳಿಯುತ್ತದೆ. ಮನೆಗೆ ಎಷ್ಟು ಸಲ ಸುಣ್ಣ ಬಳಿದರೂ ಬೀರುವಿನೊಳಗೆ ಮಡಿಸಿಟ್ಟ ಬಟ್ಟೆ ಮಡಿಸಿದ ಹಾಗೇ ಇರುತ್ತದಲ್ಲ, ಹಾಗೆ. ತೊಂದರೆ ಇದ್ದದ್ದು ಪ್ರೊಫೈಲಿನಲ್ಲಿ, ಹುಡುಗ ಬದಲಿಸಿದ್ದು ತಂತ್ರಾಂಶವನ್ನು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಮಾಡಿದ್ದು ಇಷ್ಟು. ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಅಬೌಟ್, ಆಮೇಲೆ ಕೋಲನ್ ಅಂದರೆ ಒಂದರ ಮೇಲೊಂದು ಎರಡು ಚುಕ್ಕೆ, ಆಮೇಲೆ ಸಪೋರ್ಟ್, ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿದೆವು. ಬಂದ ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ಅಂತ ಇರುತ್ತದೆ, ಪಕ್ಕದಲ್ಲೇ ಅದನ್ನು ತೆರೆಯುವ ಗುಂಡಿ. ಫೋಲ್ಡರ್ ತೆರೆದುಕೊಂಡ ಮೇಲೆ ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿದೆವು. ಇದನ್ನು ಮರೆಯಬೇಡಿ, ತೆರೆದಿದ್ದರೆ ಅದು ಹಳೆಯದನ್ನೇ ಮತ್ತೆ ಬರೆದುಬಿಡಬಹುದು. ಅಲ್ಲಿ ಎಕ್ಸ್, ಯು, ಎಲ್, ಅದಕ್ಕೆ ಅಂಟಿದಂತೆ ಸ್ಟೋರ್, ಚುಕ್ಕೆ, ಜೆ, ಎಸ್, ಒ, ಎನ್ ಅನ್ನುವ ಹೆಸರಿನ ಫೈಲ್ ಇದೆ. ಮೆನು ಬಾರ್ ಇರಬೇಕೋ ಬೇಡವೋ, ಕಿಟಕಿ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಅದೇ ನೆನಪಿಡುವುದು. ಅದು ಕೆಟ್ಟರೆ ನೀವು ಹೇಳಿದ್ದು ನಾಳೆಗೆ ನೆನಪಿರುವುದಿಲ್ಲ. ಅಳಿಸಲಿಲ್ಲ, ಹೆಸರಿನ ಕೊನೆಗೆ ಓಲ್ಡ್ ಅಂತ ಸೇರಿಸಿದೆವು. ಫೈರ್‌ಫಾಕ್ಸ್ ತೆರೆದಾಗ ತಾನೇ ಹೊಸ ಫೈಲ್ ಮಾಡಿಕೊಂಡಿತು. ಟಿಕ್ ಹಾಕಿ, ಮುಚ್ಚಿ, ತೆರೆದೆವು. ಮೆನು ಬಾರ್ ನಿಂತಿತು. ಮೇಷ್ಟ್ರು ತಾವೇ ಇನ್ನೊಂದು ಸಲ ಮುಚ್ಚಿ ತೆರೆದು ನೋಡಿ ನಕ್ಕರು.

ಇದರಿಂದಲೂ ಆಗದಿದ್ದರೆ ಯಾವುದೋ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ನಾವು ಸೇರಿಸಿಕೊಂಡ ಸಣ್ಣ ತಂತ್ರಾಂಶ, ಅಥವಾ ಅದರ ಬಣ್ಣ, ಅಲಂಕಾರ ಬದಲಿಸುವ ಥೀಮ್ ತೊಂದರೆ ಕೊಡುತ್ತಿರಬಹುದು. ಶಿಫ್ಟ್ ಕೀ ಹಿಡಿದುಕೊಂಡು ಫೈರ್‌ಫಾಕ್ಸ್ ತೆರೆದರೆ ಟ್ರಬಲ್‌ಶೂಟ್ ಮೋಡಿಗೆ ಹೋಗಲೇ ಅಂತ ಕೇಳುತ್ತದೆ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳು ನಿಂತಿರುತ್ತವೆ. ಪಟ್ಟಿ ಅಲ್ಲಿ ಸರಿಯಾಗಿ ಕಂಡರೆ ತಪ್ಪು ಎಲ್ಲಿದೆ ಅಂತ ಗೊತ್ತಾಯಿತಲ್ಲ. ಕೊನೆಯ ಅಸ್ತ್ರ ಅಂದರೆ ಅದೇ ಅಬೌಟ್ ಸಪೋರ್ಟ್ ಪುಟದಲ್ಲಿರುವ ರಿಫ್ರೆಶ್ ಫೈರ್‌ಫಾಕ್ಸ್. ಅದು ಬುಕ್‌ಮಾರ್ಕು, ಪಾಸ್‌ವರ್ಡು ಉಳಿಸಿಕೊಂಡು ಎಕ್ಸ್‌ಟೆನ್ಶನ್‌ಗಳನ್ನು ತೆಗೆಯುತ್ತದೆ, ಆಯ್ಕೆಗಳನ್ನು ಮೊದಲಿನಂತೆ ಮಾಡುತ್ತದೆ. ಕ್ರೋಮ್ ಬಳಸುವವರಿಗೆ ಒಂದು ಎಚ್ಚರಿಕೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಬ್ರೌಸಿಂಗ್ ಡೇಟಾವನ್ನೂ ಅಳಿಸಲೇ ಅಂತ ಕೇಳುತ್ತದೆ. ಸುಮ್ನೆ ಟಿಕ್ ಹಾಕಿಬಿಡಬೇಡಿ. ಗೂಗಲ್ ಖಾತೆಗೆ ಸಿಂಕ್ ಆಗದಿದ್ದರೆ, ಅಂದರೆ ಅಲ್ಲೂ ಒಂದು ಪ್ರತಿ ಇಲ್ಲದಿದ್ದರೆ, ಬುಕ್‌ಮಾರ್ಕುಗಳೆಲ್ಲ ಹೋಗುತ್ತವೆ.

ಕೆಲವು ಪಟ್ಟಿಗಳು ಮಾತ್ರ ಇನ್ನು ಬರುವುದಿಲ್ಲ. ಮೊದಲು ಗೂಗಲ್ ಟೂಲ್‌ಬಾರ್, ಯಾಹೂ ಟೂಲ್‌ಬಾರ್ ಅಂತ ಬೇರೆ ಬೇರೆ ಹಾಕಿಕೊಳ್ಳುತ್ತಿದ್ದೆವು. 2017ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೇ ಬಗೆಯ ಆಡ್‌ಆನ್‌ಗಳನ್ನು, ಅಂದರೆ ಎಕ್ಸ್‌ಟೆನ್ಶನ್‌ನಂಥವನ್ನು, ಪೂರ್ತಿ ನಿಲ್ಲಿಸಿತು. ಗೂಗಲ್ ಟೂಲ್‌ಬಾರ್ ಫೈರ್‌ಫಾಕ್ಸಿನಲ್ಲಿ 2011ರಲ್ಲೇ ನಿಂತಿತ್ತು, ಅಂಥ ಉಳಿದ ಹಳೇ ಟೂಲ್‌ಬಾರುಗಳೂ ಆಗ ಹೋದವು. ಈಗ ಯಾರಾದರೂ ನಮ್ಮ ಟೂಲ್‌ಬಾರ್ ಹಾಕಿಕೊಳ್ಳಿ ಅಂದರೆ ಬೇಡ ಅನ್ನಿ.

ಇನ್ನೊಂದು ಬಗೆ ಇದೆ. ಬ್ಯಾಂಕಿನ ಜಾಲತಾಣದಲ್ಲಿ ಒಂದು ಗುಂಡಿ ಒತ್ತಿದಾಗ ಸಣ್ಣ ಕಿಟಕಿ ತೆರೆಯುತ್ತದೆ. ಅದರಲ್ಲಿ ಟ್ಯಾಬ್ ಇಲ್ಲ, ಬುಕ್‌ಮಾರ್ಕ್ ಇಲ್ಲ, ವಿಳಾಸ ಮಾತ್ರ ಕಾಣುತ್ತದೆ. ಜಾಲತಾಣವೇ ಪಟ್ಟಿಗಳಿಲ್ಲದ ಕಿಟಕಿ ಕೇಳಿ ತೆರೆಸಿರುತ್ತದೆ, ನೀವೇನೂ ಕೆಡಿಸಿಲ್ಲ. ಆದರೆ ವಿಳಾಸ ಓದಿ ನೋಡಿ, ಅದು ನಿಮ್ಮ ಬ್ಯಾಂಕಿನದೇ ಆಗಿರಬೇಕು.

ಕೊನೆಯದು, ದಯವಿಟ್ಟು ಮನೆಯ ಹಿರಿಯರಿಗೂ ಹೇಳಿ. ನೀವು ಎಫ್ 11 ಒತ್ತಿಲ್ಲ. ಯಾವುದೋ ಪುಟದ ಮೇಲೆ ಕ್ಲಿಕ್ ಮಾಡಿದ್ದೀರಿ. ಇದ್ದಕ್ಕಿದ್ದಂತೆ ಪಟ್ಟಿಗಳೆಲ್ಲ ಹೋಗಿ ಪರದೆ ತುಂಬ ಎಚ್ಚರಿಕೆ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಮುಚ್ಚಬೇಡಿ, ಈ ನಂಬರಿಗೆ ಫೋನ್ ಮಾಡಿ ಅಂತ ಜೋರಾಗಿ ಸದ್ದು. ಇದು ಮೋಸ. ವಿಳಾಸ ಕಾಣಬಾರದು ಅಂತಲೇ ಪಟ್ಟಿಯನ್ನು ಅಡಗಿಸಿರುತ್ತಾರೆ. ತಮ್ಮ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಆ ನಂಬರಿಗೆ ಫೋನ್ ಮಾಡಬೇಡಿ. ಕೀಬೋರ್ಡಿನ ಎಡ ಮೇಲ್ಮೂಲೆಯ ಎಸ್ಕೇಪ್ ಕೀಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಪಟ್ಟಿಗಳು ಬಂದ ಕೂಡಲೇ ಆ ಟ್ಯಾಬ್ ಮುಚ್ಚಿ. ಬರದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನೇ ನಿಲ್ಲಿಸಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ತರಲೇ ಅಂತ ಕೇಳಿದರೆ ಬೇಡ ಅನ್ನಿ.

ಅಷ್ಟರೊಳಗೆ ಯಾರಾದರೂ ಫೋನ್ ಮಾಡಿ ದುಡ್ಡು ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ಒಂದು, ಒಂಬತ್ತು, ಮೂರು, ಸೊನ್ನೆ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ.

ನಮಸ್ಕಾರ.