‘ನೀಡಬಹುದು’ ಎಂಬ ಒಂದು ಪದ: ಬಾಲಮಂದಿರ ಬಿಡುವ ಮಕ್ಕಳು ಎಲ್ಲಿಗೆ ಹೋಗುತ್ತಾರೆ?

[ದೃಶ್ಯ: ಬಾಲಮಂದಿರದ ಗೇಟು. ಪಕ್ಕದಲ್ಲಿ ಒಂದು ಟ್ರಂಕು, ಪುಸ್ತಕದ ಚೀಲ.]

ನಮಸ್ಕಾರ. ದ್ವಿತೀಯ ಪಿಯು ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳಿಗೆ ನಡುವೆಯೇ ಹದಿನೆಂಟು ತುಂಬಿತು ಎಂದುಕೊಳ್ಳಿ. ಮನೆಯಲ್ಲಿ ಬೆಳೆದವರಿಗೆ ಅಂದು ಹೊಸ ಬಟ್ಟೆ, ಪಾಯಸ. ಆಸರೆಯಿಲ್ಲದ ಮಕ್ಕಳನ್ನು ಸರ್ಕಾರ ಸಾಕುವ ಬಾಲಮಂದಿರದಲ್ಲಿ ಬೆಳೆದವಳಿಗೆ ಮಂಚ ಬಿಟ್ಟುಕೊಡುವ ಚಿಂತೆ. ಜನನ ಪ್ರಮಾಣಪತ್ರವೂ ಶಾಲೆಯ ದಾಖಲೆಯೂ ಇಲ್ಲದ ಮಕ್ಕಳ ವಯಸ್ಸನ್ನು ಮೂಳೆಯ ಪರೀಕ್ಷೆಯಿಂದ ಅಂದಾಜು ಮಾಡಿರುತ್ತಾರೆ. ಅಂದಾಜಿನ ಆ ತಾರೀಖೇ ಅವರ ಊಟ, ಸೂರು ಎರಡನ್ನೂ ತೀರ್ಮಾನಿಸುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

[ದೃಶ್ಯ: ಕಾನೂನು ಪುಸ್ತಕದ ಪುಟ.]

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು ಇವರಿಗಾಗಿಯೇ ಇದೆ. ಹದಿನೆಂಟು ತುಂಬಿ ಸಂಸ್ಥೆ ಬಿಡುವವರಿಗೆ ಹಣಕಾಸಿನ ನೆರವು ‘ನೀಡಬಹುದು’ ಎಂದು ಅದು ಹೇಳುತ್ತದೆ. ‘ನೀಡತಕ್ಕದ್ದು’ ಎನ್ನುವುದಿಲ್ಲ. ಸರ್ಕಾರಿ ಕಡತಗಳ ಹಿಂದೆ ಅಲೆದವರಿಗೆ ಈ ಎರಡು ಪದಗಳ ನಡುವಿನ ದೂರ ಗೊತ್ತು.

ಈ ನೆರವಿಗೆ ನಮ್ಮಲ್ಲಿ ಅನುಪಾಲನೆ ಎನ್ನುತ್ತಾರೆ. 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಇನ್ನೂ ಎರಡು ವರ್ಷ ಸಿಗಬಹುದು. ಆರರಿಂದ ಎಂಟು ಜನ ಒಟ್ಟಿಗಿರುವ ತಾತ್ಕಾಲಿಕ ವಸತಿ, ಓದಿಗೆ ವಿದ್ಯಾರ್ಥಿವೇತನ, ಕೆಲಸ ಕಲಿಯುವಾಗ ಭತ್ಯೆ, ಸ್ವಂತ ಉದ್ಯೋಗಕ್ಕೆ ಸಾಲದ ವ್ಯವಸ್ಥೆ ಎಲ್ಲವೂ ಈ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿವೆ. ಮಕ್ಕಳ ರಕ್ಷಣೆಗೆಂದೇ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಬೆಂಗಳೂರಿನ ಬಹುತೇಕ ಕಡೆ ಅದು ಪಿಜಿ ಬಾಡಿಗೆಗೂ ಸಾಲದು.

ಮುಂದಿನ ಬದುಕಿನ ಯೋಜನೆಯನ್ನು ಸಂಸ್ಥೆ ಬಿಡುವ ಎರಡು ತಿಂಗಳು ಮೊದಲು ಸಲ್ಲಿಸಬೇಕು ಎಂದಿದೆ ನಿಯಮ. ಎರಡೇ ತಿಂಗಳು! ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಈ ಕೆಲಸ ಶುರುವಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಬ್ಯಾಂಕ್ ಖಾತೆ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಾಲೇಜಿನ ಅರ್ಜಿ ಅಲ್ಲೇ ನಿಲ್ಲಬಹುದು.

[ದೃಶ್ಯ: ಅರ್ಜಿಯಲ್ಲಿ ಖಾಲಿ ಉಳಿದ ‘ಪೋಷಕರ ಸಹಿ’ ಜಾಗ.]

ಕಾಗದಪತ್ರ ಹೇಗೋ ಆದೀತು. ಜ್ವರ ಬಂದ ರಾತ್ರಿ ಯಾರಿಗೆ ಫೋನ್ ಮಾಡುವುದು? ದೀಪಾವಳಿಗೆ ಹಾಸ್ಟೆಲ್ ಬಾಗಿಲು ಹಾಕಿದರೆ ಎಲ್ಲಿಗೆ ಹೋಗುವುದು? ಮೊದಲ ಸಂಬಳ ಬಂದಾಗ ಯಾರಿಗೆ ಹೇಳುವುದು? ಆಪ್ತಸಮಾಲೋಚಕರು ಇವರ ಸಂಪರ್ಕದಲ್ಲಿರುವ ಏರ್ಪಾಡನ್ನೂ ನಿಯಮಗಳು ಹೇಳುತ್ತವೆ. ಆದರೆ ನೆಂಟರ ಜಾಗವನ್ನು ಒಬ್ಬ ಅಧಿಕಾರಿ ತುಂಬಲಾರರು.

ಇಲ್ಲಿ ನಿಮಗೂ ಕೆಲಸವಿದೆ. ಅನುಪಾಲನೆಗೆ ನೆರವಾಗಲು ಬಯಸುವ ಸಂಸ್ಥೆಗಳಷ್ಟೇ ಅಲ್ಲ, ವ್ಯಕ್ತಿಗಳ ಪಟ್ಟಿಯನ್ನೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಟ್ಟಿರಬೇಕು. ಅಲ್ಲಿಗೆ ಹೋಗಿ ನಿಮ್ಮ ಹೆಸರು ಬರೆಸಿ. ಹೊಲಿಗೆ, ಲೆಕ್ಕಪತ್ರ, ಬೈಕ್ ರಿಪೇರಿ, ನಿಮಗೆ ಬರುವುದೇನೋ ಅದನ್ನು ಕಲಿಸುತ್ತೇನೆ ಎಂದು ಹೇಳಿ. ಮುಂದೊಂದು ದಿನ ಆ ಹುಡುಗಿಯೇ ನಿಮ್ಮ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬರಬಹುದು. ಆಗ ಅಪ್ಪ ಅಮ್ಮ ಎಲ್ಲಿದ್ದಾರೆ ಎಂದು ಕೇಳಬೇಡಿ. ಯಾವತ್ತಿನಿಂದ ಬರುತ್ತೀಯಮ್ಮ ಎಂದು ಕೇಳಿ.