ಓಡೋ ಗಾಡಿಯ ನಂಬರ್ ಪ್ಲೇಟ್ ಬ್ಲರ್ ಮಾಡೋದು: ಒಂದು ಫ್ರೇಮೂ ತಪ್ಪದ ಹಾಗೆ

ಸ್ಕ್ರೀನ್ ಮೇಲೆ ಈಗ ಓಡ್ತಿರೋದು 12 ಸೆಕೆಂಡಿನ ಕ್ಲಿಪ್. ಮೈಸೂರು ರೋಡಲ್ಲಿ ಕ್ಯಾಮೆರಾ ಮುಂದೆ ಒಂದು ಸ್ಕೂಟರ್, ಹಿಂದಿನ ನಂಬರ್ ಪ್ಲೇಟ್ ನಿಚ್ಚಳವಾಗಿ ಕಾಣ್ತಿದೆ. ಸೆಕೆಂಡಿಗೆ 30 ಫ್ರೇಮ್ ಅಂದ್ರೆ ಒಟ್ಟು 360. ಅದ್ರಲ್ಲಿ 359 ಮುಚ್ಚಿ ಒಂದು ಬಿಟ್ರೂ ನಂಬರ್ ಹೊರಗೆ ಬಂತು ಅಂತಲೇ ಲೆಕ್ಕ. ಯೂಟ್ಯೂಬಲ್ಲಿ ವಿಡಿಯೋ ನಿಲ್ಲಿಸಿ ಕೀಬೋರ್ಡಿನ ಕಾಮಾ, ಫುಲ್‌ಸ್ಟಾಪ್ ಒತ್ತಿದ್ರೆ ಯಾರು ಬೇಕಾದ್ರೂ ಒಂದೊಂದೇ ಫ್ರೇಮ್ ನೋಡ್ಬಹುದು.

ಇದಕ್ಕೆ ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್ ಸಾಕು. ಆದ್ರೆ ಕಟಿಂಗ್ ಎಲ್ಲಾ ಮುಗಿದ ಮೇಲೆ ಬ್ಲರ್‌ಗೆ ಕೈ ಹಾಕಿ. ಟ್ರ್ಯಾಕ್ ಆಗೋದು, ಅಂದ್ರೆ ಬ್ಲರ್ ತಾನಾಗೇ ಪ್ಲೇಟನ್ನ ಹಿಂಬಾಲಿಸೋದು, ಟೈಮ್‌ಲೈನಲ್ಲಿ ಕಾಣೋ ಭಾಗದಲ್ಲಿ ಮಾತ್ರ. ಆಮೇಲೆ ಕ್ಲಿಪ್ಪನ್ನ ಹತ್ತು ಫ್ರೇಮ್ ಎಳೆದ್ರೆ, ಅಲ್ಲಿ ಸ್ಕೂಟರ್ ಮುಂದೆ ಹೋಗಿರುತ್ತೆ, ಬ್ಲರ್ ಹಿಂದೆ ಉಳಿದಿರುತ್ತೆ. ಒಂದು ದೃಶ್ಯ ಕರಗಿ ಇನ್ನೊಂದು ಮೂಡೋ ಕ್ರಾಸ್ ಡಿಸಾಲ್ವ್ ಹಾಕಿದಾಗ್ಲೂ ಇದೇ ಕಥೆ, ಅದೂ ಕಟ್ ಆಚೆಗಿನ ಫ್ರೇಮ್‌ಗಳನ್ನ ಎಳ್ಕೊಳ್ಳುತ್ತೆ.

ಕಲರ್ ಪೇಜಿಗೆ ಹೋಗಿ, ಆಲ್ಟ್ ಎಸ್ ಒತ್ತಿ ಹೊಸ ನೋಡ್ (ಎಫೆಕ್ಟ್ ಹಾಕೋ ಒಂದು ಪದರ ಅಂದ್ಕೊಳ್ಳಿ) ಸೇರಿಸಿ. ವಿಂಡೋ ಪ್ಯಾಲೆಟಲ್ಲಿ ಚೌಕದ ವಿಂಡೋ ತಗೊಳ್ಳಿ, ಎಫೆಕ್ಟ್ ಈ ಚೌಕದ ಒಳಗೆ ಮಾತ್ರ ಬೀಳುತ್ತೆ. ಕ್ಲಿಪ್ಪಿನ ಮೊದಲ ಫ್ರೇಮಿಂದ ಶುರು ಮಾಡ್ಬೇಡಿ, ಪ್ಲೇಟ್ ಅತಿ ದೊಡ್ಡದಾಗಿ, ಸ್ಪಷ್ಟವಾಗಿ ಕಾಣೋ ಫ್ರೇಮ್ ಹುಡುಕಿ. ವಿಂಡೋನ ಬರೀ ಪ್ಲೇಟಿನ ಮೇಲೆ ಹಾಕಿದ್ರೆ ಟ್ರ್ಯಾಕರ್‌ಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಟೈಲ್ ಲೈಟು, ಮಡ್‌ಗಾರ್ಡು ಎಲ್ಲಾ ಸೇರೋ ಹಾಗೆ ದೊಡ್ಡದಾಗಿ ಹಾಕಿ. ಟ್ರ್ಯಾಕರಲ್ಲಿ ವಸ್ತು ಓರೆಯಾಗೋದನ್ನೂ ಹಿಂಬಾಲಿಸೋ ಪರ್ಸ್ಪೆಕ್ಟಿವ್ 3ಡಿ ಟಿಕ್ ತೆಗೀರಿ, ಇಷ್ಟು ಚಿಕ್ಕ ವಸ್ತುವಿಗೆ ಅದು ವಿಂಡೋನ ನಡುಗಿಸುತ್ತೆ. ಮುಂದಕ್ಕೆ ಟ್ರ್ಯಾಕ್ ಮಾಡಿ, ಅದೇ ಫ್ರೇಮಿಗೆ ವಾಪಸ್ ಬಂದು ಹಿಂದಕ್ಕೂ ಮಾಡಿ. ಈಗ ಟ್ರ್ಯಾಕರಿನ ಕ್ಲಿಪ್ ಮೋಡಲ್ಲಿ (ಇಲ್ಲಿ ಮಾಡಿದ ಬದಲಾವಣೆ ಇಡೀ ಕ್ಲಿಪ್ಪಿಗೆ ಅನ್ವಯ) ಇದ್ಕೊಂಡೇ ವಿಂಡೋನ ಪ್ಲೇಟಿನ ಅಳತೆಗೆ ಕುಗ್ಗಿಸಿ, ಸುತ್ತ ಸ್ವಲ್ಪ ಜಾಗ ಇರ್ಲಿ. ಟ್ರ್ಯಾಕಿಂಗ್ ಹಾಗೇ ಉಳಿಯುತ್ತೆ.

ಇಲ್ನೋಡಿ, ಏಳನೇ ಸೆಕೆಂಡಲ್ಲಿ ಬಸ್ಸು ಅಡ್ಡ ಬಂತು. ವಿಂಡೋ ಸ್ಕೂಟರ್ ಬಿಟ್ಟು ಬಸ್ಸಿನ ಜೊತೆ ಹೊರಟೇ ಹೋಯ್ತು. ಟ್ರ್ಯಾಕರಿನ ಗ್ರಾಫಲ್ಲಿ ಆ ಕೆಟ್ಟ ಭಾಗವನ್ನ ಎಳೆದು ಸೆಲೆಕ್ಟ್ ಮಾಡಿ, ಮೂರು ಚುಕ್ಕೆಯ ಮೆನುವಿಂದ ಆ ಡೇಟಾ ಅಳಿಸಿ. ಫ್ರೇಮ್ ಮೋಡ್‌ಗೆ ಬದಲಾಯಿಸಿ, ಇಲ್ಲಿ ಮಾಡಿದ ಬದಲಾವಣೆ ಆ ಫ್ರೇಮಿಗೆ ಗುರುತಾಗಿ ಉಳಿಯುತ್ತೆ. ಬಸ್ಸು ಮುಚ್ಚೋ ಮುಂಚಿನ ಫ್ರೇಮಲ್ಲಿ ಒಂದ್ಸಲ, ಪ್ಲೇಟ್ ಮತ್ತೆ ಇಣುಕಿದ ಫ್ರೇಮಲ್ಲಿ ಒಂದ್ಸಲ ವಿಂಡೋನ ಕೈಯಲ್ಲೇ ಕೂರಿಸಿ, ಮಧ್ಯದ್ದನ್ನ ಅದೇ ತುಂಬ್ಕೊಳ್ಳುತ್ತೆ. ಅಷ್ಟು ಹೊತ್ತು ಬಸ್ಸಿನ ಮೈಮೇಲೆ ಒಂದು ಮಸುಕು ಕಲೆ ಕಾಣುತ್ತೆ, ಕಾಣ್ಲಿ ಬಿಡಿ. ಅದನ್ನ ಆಫ್ ಮಾಡೋಕೆ ಹೋಗಿ ಎರಡು ಫ್ರೇಮ್ ತಡವಾಗಿ ಆನ್ ಆದ್ರೆ ನಂಬರ್ ಬಯಲು.

ಇನ್ನು ಬ್ಲರ್ ಎಷ್ಟು? ಬ್ಲರ್ ಪ್ಯಾಲೆಟಲ್ಲಿ ರೇಡಿಯಸ್ 0.50 ಇರುತ್ತೆ, 1.00ಕ್ಕೆ ಏರಿಸಿ. ಆಮೇಲೆ ಪ್ಲೇಟನ್ನ 400 ಪರ್ಸೆಂಟ್ ಝೂಮ್ ಮಾಡಿ, ಅಕ್ಷರದ ಆಕಾರ ಒಂದಾದ್ರೂ ಊಹೆಗೆ ಸಿಗುತ್ತಾ ನೋಡಿ. ನಮ್ಮ ಪ್ಲೇಟಿನ ಕ್ರಮ ಎಲ್ಲರಿಗೂ ಗೊತ್ತು: ಕೆಎ, ಎರಡಂಕಿ, ಒಂದೆರಡು ಅಕ್ಷರ, ಕೊನೆಗೆ ನಾಲ್ಕಂಕಿ. ಹೈ ಸೆಕ್ಯುರಿಟಿ ಪ್ಲೇಟಲ್ಲಿ ಅಕ್ಷರದ ಶೈಲಿಯೂ ಒಂದೇ. ಅದಕ್ಕೇ ತೆಳು ಬ್ಲರ್, ಸಣ್ಣ ಚೌಕದ ಮೊಸಾಯಿಕ್ ನಂಬೋ ಹಾಗಿಲ್ಲ. ಗಾಡಿ ಚಲಿಸ್ತಾ ಪ್ರತಿ ಫ್ರೇಮಲ್ಲೂ ಚೌಕಗಳು ಬೇರೆ ಬೇರೆ ಕಡೆ ಬೀಳ್ತವೆ, ಅವನ್ನೆಲ್ಲ ಜೋಡಿಸಿದ್ರೆ ಅಂಕಿ ಹೊಳೆಯೋ ಸಾಧ್ಯತೆ ಹೆಚ್ಚುತ್ತೆ. ಅನುಮಾನ ಇದ್ರೆ ಅದೇ ನೋಡ್ ಒಳಗೆ ಗೇನ್ (ಬೆಳಕಿನ ಮಟ್ಟ) ಸೊನ್ನೆಗೆ ಇಳಿಸಿ, ಪ್ಲೇಟ್ ಕಪ್ಪಗಾಗುತ್ತೆ. ಚೆನ್ನಾಗಿ ಕಾಣಲ್ಲ ನಿಜ, ಆದ್ರೆ ಕಪ್ಪಿನ ಹಿಂದಿಂದ ಯಾರೂ ಏನೂ ಓದಕ್ಕಾಗಲ್ಲ.

ಎಕ್ಸ್‌ಪೋರ್ಟ್ ಆದ ಫೈಲನ್ನ ಬಾಣದ ಕೀಲಿಯಿಂದ ಫ್ರೇಮ್ ಫ್ರೇಮಾಗಿ ನೋಡಿ. ಸ್ಕೂಟರ್ ಚೌಕಟ್ಟಿನ ಒಳಗೆ ಬರೋ ಫ್ರೇಮು, ಹೊರಗೆ ಹೋಗೋ ಫ್ರೇಮು, ಪಕ್ಕದ ಕಾರಿನ ಬಂಪರಲ್ಲಿ ಬೀಳೋ ಪ್ರತಿಬಿಂಬ, ಸೋರೋದು ಬಹುತೇಕ ಅಲ್ಲೇ. ಥಂಬ್‌ನೇಲಿಗೆ ಸ್ಟಿಲ್ ಬೇಕಾದ್ರೆ ಈ ಫೈಲಿಂದಲೇ ತೆಗೀರಿ, ಮೂಲ ಕ್ಲಿಪ್ಪಿಂದ ಬೇಡ.